ಗೋಣು ಮತ್ತು ಮುಗಿಲು

ಕೃಷ್ಣೆ ತುಂಗಭದ್ರೆಯರ ನಡುವೆ ಹಬ್ಬಿರುವ ರಾಯಚೂರು ಸೀಮೆ ಬಿಸಿಲಿನ ನಾಡು. ಎಡಬಲಗಳಲ್ಲಿ ಎರಡು ಮಹಾನದಿಗಳು ಹರಿಯುತ್ತಿದ್ದರೂ ಕಾಲುವೆಯ ನೀರು ಮುಟ್ಟದ ಹೊಲಗಳ ಬಾಳು ಮಳೆಯನ್ನೇ ನಂಬಿದೆ. ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ ರಾಯಚೂರು, ಮಾನ್ವಿ, ದೇವದುರ್ಗಗಳ ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರ ಮುಖವೂ ಮೇಲಕ್ಕೆ ತಿರುಗುತ್ತದೆ. ಎರೆಯ ಹೊಲದ ಬದುವಿನ ಮೇಲೆ ನಿಂತು, ಹಣೆಗೆ ಅಂಗೈಯನ್ನು ಅಡ್ಡ ಹಿಡಿದು, ಮುಗಿಲಿನ ಬಣ್ಣವನ್ನು ಅಳೆಯುವ ರೈತನ ನಿಲುವು ಆ ನೆಲಕ್ಕೆ ಸಹಜವಾದುದು. ಆ ಒಂದು ನೋಟಕ್ಕಾಗಿ ಅವನು ಮಾಡುವ ಶ್ರಮ ಅತ್ಯಲ್ಪ. ಗೋಣನ್ನು ಹಿಂದಕ್ಕೆ ಬಾಗಿಸಿದರೆ ಸಾಕು, ಇಡೀ ಆಕಾಶ ಅವನದಾಗುತ್ತದೆ. ಅಷ್ಟು ಸುಲಭವಾಗಿ ದೊರೆಯುವ ಈ ಭಾಗ್ಯದ ಬೆಲೆ ಅದನ್ನು ಕಳೆದುಕೊಂಡವನಿಗೆ ಮಾತ್ರ ತಿಳಿದೀತು.

ಕೊರಳು ಚಿಕ್ಕ ಅವಯವ. ಆದರೆ ಅದರ ರಚನೆ ವಿಸ್ಮಯಕರ. ಸುಮಾರು ನಾಲ್ಕೂವರೆಯಿಂದ ಐದು ಕಿಲೋಗ್ರಾಮು ತೂಗುವ ತಲೆಯನ್ನು ಏಳು ಸಣ್ಣ ಕಶೇರುಗಳು ಹೊತ್ತು ನಿಂತಿವೆ. ಮರದ ತುದಿಯ ಚಿಗುರನ್ನು ಮೇಯುವ ಜಿರಾಫೆಯ ನೀಳವಾದ ಕೊರಳಿನಲ್ಲಿಯೂ ಇರುವುದು ಏಳೇ ಕಶೇರುಗಳು. ಮೊದಲನೆಯ ಕಶೇರುವಿಗೆ ಪಾಶ್ಚಾತ್ಯ ವೈದ್ಯರು ‘ಅಟ್ಲಾಸ್’ ಎಂದು ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೆಗಲ ಮೇಲೆ ಹೊತ್ತವನು ಅಟ್ಲಾಸ್; ಭಾರತೀಯರ ಕಲ್ಪನೆಯಲ್ಲಿ ಭೂಮಿಯನ್ನು ಹೊತ್ತ ಆದಿಶೇಷನಂಥವನು. ತಲೆಬುರುಡೆಯೂ ಈ ಕಶೇರುವೂ ಕೂಡುವ ಕೀಲಿನಲ್ಲಿ ತಲೆ ಮೇಲೆ ಕೆಳಗೆ ಆಡುತ್ತದೆ. ‘ಹೌದು’ ಎಂದು ಗೋಣು ಹಾಕುವುದು ಅಲ್ಲಿಂದ. ಮೊದಲನೆಯ ಮತ್ತು ಎರಡನೆಯ ಕಶೇರುಗಳ ನಡುವಿನ ಕೀಲಿನಲ್ಲಿ ತಲೆ ಅತ್ತಿತ್ತ ತಿರುಗುತ್ತದೆ. ‘ಅಲ್ಲ’ ಎಂದು ಗೋಣು ಅಲ್ಲಾಡಿಸುವುದು ಅಲ್ಲಿಂದ. ಕೊರಳು ತಿರುಗುವ ಒಟ್ಟು ಪ್ರಮಾಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಒಂದೇ ಕೀಲಿನ ಕೆಲಸ. ಹೀಗೆ ಮನುಷ್ಯನ ಸಮ್ಮತಿ ಅಸಮ್ಮತಿಗಳೆರಡೂ ಕೊರಳಿನ ತುದಿಯ ಎರಡು ಕೀಲುಗಳಲ್ಲಿ ಅಡಗಿವೆ.

ಕೊರಳಿನ ಕೆಳಗೆ ಎದೆಯ ಹಿಂಭಾಗದಲ್ಲಿ ಹನ್ನೆರಡು ಕಶೇರುಗಳು, ಅವುಗಳ ಕೆಳಗೆ ಸೊಂಟದಲ್ಲಿ ಐದು. ಒಂದು ಕಶೇರುವಿಗೂ ಇನ್ನೊಂದಕ್ಕೂ ನಡುವೆ ಮೆತ್ತನೆಯ ಬಿಲ್ಲೆ. ಅವುಗಳನ್ನು ಬಿಗಿದು ಕಟ್ಟಿದ ನಾರಿನಂಥ ಅಸ್ಥಿರಜ್ಜುಗಳು. ಈ ಕಟ್ಟು ಬಿಗಿಯಾಗಿಯೂ ಇರಬೇಕು, ಬಳುಕುವಂತೆಯೂ ಇರಬೇಕು. ಬಿಗಿ ತಪ್ಪಿದರೆ ಬೆನ್ನು ಕುಸಿಯುತ್ತದೆ. ಬಳುಕು ತಪ್ಪಿದರೆ ಬೆನ್ನು ಕೋಲಾಗುತ್ತದೆ. ಬೆನ್ನನ್ನು ಹೀಗೆ ಕೋಲಾಗಿಸುವ ವ್ಯಾಧಿಯೊಂದಿದೆ. ವೈದ್ಯಶಾಸ್ತ್ರದಲ್ಲಿ ಅದರ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಗ್ರೀಕ್ ಭಾಷೆಯಲ್ಲಿ ‘ಆಂಕಿಲೋಸ್’ ಎಂದರೆ ಬಾಗಿದ್ದು, ‘ಸ್ಪಾಂಡಿಲೋಸ್’ ಎಂದರೆ ಕಶೇರು. ಉರಿಯೂತದಿಂದ ಬೆನ್ನುಮೂಳೆಯ ಕೀಲುಗಳು ಬೆಸೆದು, ಬೆನ್ನು ಬಾಗುವ ರೋಗವೆಂಬುದು ಹೆಸರಿನ ಅರ್ಥ.

ಈ ರೋಗ ಹೊಸದಲ್ಲ. ಹದಿನೇಳನೆಯ ಶತಮಾನದ ಕೊನೆಯ ದಶಕದಲ್ಲಿ ಬರ್ನಾರ್ಡ್ ಕಾನರ್ ಎಂಬ ಐರಿಷ್ ವೈದ್ಯನು ಫ್ರಾನ್ಸಿನಲ್ಲಿ ದೊರೆತ ಒಂದು ಅಸ್ಥಿಪಂಜರವನ್ನು ವರ್ಣಿಸಿದನು. ಅದರಲ್ಲಿ ಕಶೇರುಗಳೂ ಪಕ್ಕೆಲುಬುಗಳೂ ಸೊಂಟದ ಮೂಳೆಗಳೂ ಒಂದೇ ಮೂಳೆಯೆಂಬಂತೆ ಬೆಸೆದುಹೋಗಿದ್ದವು. ಆ ಮನುಷ್ಯ ಬದುಕಿದ್ದಾಗ ಉಸಿರಾಡಲು ಪಟ್ಟಿರಬಹುದಾದ ಕಷ್ಟವನ್ನು ಆ ವೈದ್ಯನು ಮೂಳೆಗಳನ್ನು ನೋಡಿಯೇ ಊಹಿಸಿದನು. ಅನಂತರ ಇನ್ನೂರು ವರ್ಷಗಳು ಕಳೆದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ರಷ್ಯದ ಬೆಖ್ತೆರೆವ್, ಜರ್ಮನಿಯ ಸ್ಟ್ರುಂಪೆಲ್, ಫ್ರಾನ್ಸಿನ ಮಾರಿ ಎಂಬ ಮೂವರು ವೈದ್ಯರು ಬೇರೆ ಬೇರೆಯಾಗಿ ಇದರ ಲಕ್ಷಣಗಳನ್ನು ವಿವರಿಸಿದರು. ೧೯೭೩ರಲ್ಲಿ ಲಂಡನ್ ಮತ್ತು ಲಾಸ್ ಏಂಜಲೀಸ್ ನಗರಗಳ ಎರಡು ಸಂಶೋಧಕರ ತಂಡಗಳು, ಎಚ್‌ಎಲ್‌ಎ-ಬಿ೨೭ ಎಂಬ ಆನುವಂಶಿಕ ಗುರುತಿಗೂ ಈ ರೋಗಕ್ಕೂ ಬಲವಾದ ಸಂಬಂಧವಿದೆಯೆಂದು ತೋರಿಸಿದವು. ಆದರೆ ಆ ಗುರುತು ಇದ್ದವರೆಲ್ಲ ರೋಗಿಗಳಾಗುವುದಿಲ್ಲ. ಅವರಲ್ಲಿ ಹೆಚ್ಚಿನವರು ಬಾಳಿನುದ್ದಕ್ಕೂ ಆರೋಗ್ಯದಿಂದಲೇ ಇರುತ್ತಾರೆ. ಬೀಜವಿದ್ದ ಮಾತ್ರಕ್ಕೆ ಬೆಳೆ ಬಾರದೆಂಬುದನ್ನು ರಾಯಚೂರಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರೋಗದ ನಡೆಯನ್ನು ಅರಿಯಲು ಗುಂಜಹಳ್ಳಿಯಂಥ ಊರಿನ ಒಬ್ಬ ತರುಣನನ್ನು ಮನಸ್ಸಿನ ಮುಂದೆ ನಿಲ್ಲಿಸಿಕೊಳ್ಳಬಹುದು. ಅವನಿಗೆ ಹೆಸರು ಬೇಡ. ಅಂಥವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ವಯಸ್ಸು ಇಪ್ಪತ್ತೆರಡು. ಹತ್ತಿಯ ಅಂಡಿಗೆಯನ್ನು ಒಬ್ಬನೇ ಎತ್ತಿ ಬಂಡಿಗೆ ಹಾಕುವ ಮೈಕಟ್ಟು. ಒಂದು ರಾತ್ರಿ, ಬೆಳಗಿನ ಜಾವಕ್ಕೆ ಇನ್ನೂ ಹೊತ್ತಿರುವಾಗ, ಸೊಂಟದ ಕೆಳಭಾಗದಲ್ಲಿ ನೋವು ಕಾಣಿಸಿ ಅವನಿಗೆ ಎಚ್ಚರವಾಗುತ್ತದೆ. ಮಗ್ಗಲು ಬದಲಿಸಿದರೆ ಶಮನವಿಲ್ಲ. ಎದ್ದು ಅಂಗಳದಲ್ಲಿ ಹತ್ತು ಹೆಜ್ಜೆ ಅಡ್ಡಾಡಿದರೆ ಹಾಯೆನಿಸುತ್ತದೆ. ಬೆಳಿಗ್ಗೆ ಎದ್ದಾಗ ಬೆನ್ನು ಹಲಗೆಯಂತೆ ಸೆಟೆದಿರುತ್ತದೆ. ಹೊಲಕ್ಕೆ ಹೋಗಿ ಒಂದು ಗಳಿಗೆ ಕುಂಟೆ ಹೊಡೆದ ಮೇಲೆ ಸಡಿಲವಾಗುತ್ತದೆ. ಕೆಲಸದಿಂದ ಬಂದ ನೋವು ವಿಶ್ರಾಂತಿಯಿಂದ ಇಳಿಯಬೇಕು. ಈ ನೋವು ವಿಶ್ರಾಂತಿಯಿಂದ ಏರುತ್ತದೆ, ಕೆಲಸದಿಂದ ಇಳಿಯುತ್ತದೆ. ರೋಗವನ್ನು ಗುರುತಿಸುವ ಮುಖ್ಯ ಸೂಚನೆಯೇ ಈ ವಿಪರೀತ ನಡೆ.

ಆದರೆ ಮನೆಯವರಿಗೆ ಅದು ಸೂಚನೆಯಾಗಿ ಕಾಣುವುದಿಲ್ಲ. ಭಾರ ಎತ್ತಿ ಬೆನ್ನು ಉಳುಕಿದೆಯೆಂದು ತಾಯಿ ಎಣ್ಣೆ ತಿಕ್ಕುತ್ತಾಳೆ. ಬೆನ್ನಿಗೆ ಬರೆ ಹಾಕಿಸಿದರೆ ಹೋಗುತ್ತದೆಯೆಂದು ನೆರೆಯವರು ಹೇಳುತ್ತಾರೆ. ರಾತ್ರಿ ನರಳಿದವನು ಹಗಲು ಹೊಲದಲ್ಲಿ ದುಡಿಯುವುದನ್ನು ಕಂಡು, “ಇದೆಂಥಾ ಬ್ಯಾನಿ, ಹೊತ್ತು ಮುಳುಗಿದ ಮ್ಯಾಲೆ ಬರೋದು!” ಎಂದು ನಗುವವರೂ ಇರುತ್ತಾರೆ. ನೋವು ನುಂಗುವ ಗುಳಿಗೆಯಿಂದ ಕೆಲಕಾಲ ಇಳಿಯುತ್ತದೆ, ಮತ್ತೆ ಬರುತ್ತದೆ. ಹೀಗೆ ವರ್ಷಗಳು ಉರುಳುತ್ತವೆ. ಈ ರೋಗದ ಮೊದಲ ನೋವಿಗೂ ಅದರ ಸರಿಯಾದ ಹೆಸರು ತಿಳಿಯುವುದಕ್ಕೂ ನಡುವೆ ಹಲವು ವರ್ಷಗಳು ಕಳೆದುಹೋಗುವುದು ಹಳ್ಳಿಗಳ ಮಾತಷ್ಟೇ ಅಲ್ಲ, ಮಹಾನಗರಗಳಲ್ಲಿಯೂ ಇದೇ ಕಥೆ. ಕಳೆದುಹೋಗುವ ಆ ವರ್ಷಗಳೇ ಚಿಕಿತ್ಸೆಗೆ ಅತ್ಯಂತ ಅನುಕೂಲವಾದ ವರ್ಷಗಳು.

ಅಷ್ಟರಲ್ಲಿ ರೋಗ ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ಅಸ್ಥಿರಜ್ಜುಗಳು ಮೂಳೆಗೆ ಅಂಟಿಕೊಳ್ಳುವ ಸ್ಥಳಗಳಲ್ಲಿ ಉರಿಯೂತವುಂಟಾಗುತ್ತದೆ. ಉರಿಯೂತ ಕೆರಳಿ ತಣಿಯುವ ಎಡೆಗಳಲ್ಲಿ ದೇಹವು ಗಾಯವನ್ನು ಮಾಯಿಸುವ ಭರದಲ್ಲಿ ಹೊಸ ಮೂಳೆಯನ್ನು ಬೆಳೆಸುತ್ತದೆ. ಒಂದು ಕಶೇರುವಿನ ಅಂಚಿನಿಂದ ಮತ್ತೊಂದರ ಅಂಚಿಗೆ ತೆಳುವಾದ ಮೂಳೆಯ ಸೇತುವೆ ಕಟ್ಟಿಕೊಳ್ಳುತ್ತದೆ. ಎಲ್ಲ ಕಶೇರುಗಳೂ ಹೀಗೆ ಬೆಸೆದಾಗ ಕ್ಷ-ಕಿರಣದ ಚಿತ್ರದಲ್ಲಿ ಬೆನ್ನುಮೂಳೆ ಗಿಣ್ಣುಗಳುಳ್ಳ ಬಿದಿರಿನ ಗಳುವಿನಂತೆ ಕಾಣುತ್ತದೆ. ವೈದ್ಯರು ಅದನ್ನು ಬಿದಿರು ಬೆನ್ನೆಂದೇ ಕರೆಯುತ್ತಾರೆ. ಸಾಮಾನ್ಯವಾಗಿ ಸೊಂಟದ ಹಿಂದಿನ ಕೀಲುಗಳಲ್ಲಿ ಆರಂಭವಾದ ಈ ಬೆಸುಗೆ ಮೆಲ್ಲಮೆಲ್ಲನೆ ಮೇಲಕ್ಕೆ ಹತ್ತುತ್ತದೆ. ಎಲ್ಲರಲ್ಲಿಯೂ ಅದು ಕೊನೆಯವರೆಗೆ ಹತ್ತುವುದಿಲ್ಲ. ಕೆಲವರಲ್ಲಿ ನಡುವೆಯೇ ನಿಲ್ಲುತ್ತದೆ, ಕೆಲವರಲ್ಲಿ ಕೊರಳನ್ನು ಮುಟ್ಟುತ್ತದೆ.

ಬೆನ್ನಿನ ಮೇಲ್ಭಾಗವನ್ನು ಮುಟ್ಟಿದಾಗ ಮೊದಲು ಉಸಿರಿಗೆ ತೊಡಕು. ಪಕ್ಕೆಲುಬುಗಳು ಹಿಂದೆ ಕಶೇರುಗಳೊಡನೆ ಕೂಡುವ ಕೀಲುಗಳು ಬಿಗಿಯುವುದರಿಂದ, ಎದೆಗೂಡು ತಿದಿಯಂತೆ ಹಿಗ್ಗುವುದನ್ನು ಬಿಡುತ್ತದೆ. ವೈದ್ಯರು ಎದೆಯ ಸುತ್ತ ಅಳತೆಯ ಪಟ್ಟಿಯನ್ನು ಹಿಡಿದು, ಪೂರ್ಣವಾಗಿ ಉಸಿರೆಳೆದಾಗಲೂ ಉಸಿರು ಬಿಟ್ಟಾಗಲೂ ಅಳೆಯುತ್ತಾರೆ. ಎರಡು ಅಳತೆಗಳ ಅಂತರ ೨.೫ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸಂಶಯಪಡುತ್ತಾರೆ. ಸೀನಿದರೆ, ಕೆಮ್ಮಿದರೆ ಎದೆ ಹಿಡಿದುಕೊಳ್ಳುತ್ತದೆ. ರೋಗಿ ಎದೆಯ ಬದಲು ಹೊಟ್ಟೆಯಿಂದ ಉಸಿರಾಡುವುದನ್ನು ಕಲಿಯುತ್ತಾನೆ. ಬರಬರುತ್ತ ಮೇಲ್ಬೆನ್ನು ಗೂನಾಗಿ, ಭುಜಗಳು ಮುಂದಕ್ಕೆ ಬಾಗುತ್ತವೆ.

ಕೊನೆಯದು ಕೊರಳಿನ ಸರದಿ. ಕತ್ತಿನ ಸಹಜವಾದ ಒಳಬಾಗು ಅಳಿಸಿಹೋಗಿ, ತಲೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಆರೋಗ್ಯವಂತನು ಗೋಡೆಗೆ ಹಿಮ್ಮಡಿಯನ್ನೂ ಬೆನ್ನನ್ನೂ ತಾಗಿಸಿ ನಿಂತರೆ ತಲೆಯ ಹಿಂಭಾಗವೂ ಗೋಡೆಗೆ ತಾಗುತ್ತದೆ. ಈ ರೋಗಿಯ ತಲೆಗೂ ಗೋಡೆಗೂ ನಡುವೆ ಅಂತರ ಉಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಆ ಅಂತರವನ್ನು ಅಳೆದು ವೈದ್ಯರು ರೋಗದ ಮುನ್ನಡೆಯನ್ನು ತಿಳಿಯುತ್ತಾರೆ. ಎಡಬಲಗಳಿಗೆ ತಿರುಗುವುದು ಕುಗ್ಗುತ್ತದೆ. ಮೇಲೆ ನೋಡುವುದು ನಿಲ್ಲುತ್ತದೆ. ತೀವ್ರವಾದ ಸ್ಥಿತಿಯಲ್ಲಿ ಗದ್ದ ಎದೆಯ ಸಮೀಪಕ್ಕೆ ಬಂದು, ರೋಗಿಗೆ ತನ್ನ ಪಾದಗಳ ಮುಂದಿನ ನೆಲವಷ್ಟೇ ಕಾಣುತ್ತದೆ. ಎದುರಿಗೆ ಬಂದವರ ಮುಖವನ್ನು ನೋಡಲು ಅವನು ಮಂಡಿಗಳನ್ನು ಬಾಗಿಸಿ, ಸೊಂಟದಿಂದ ಹಿಂದಕ್ಕೆ ವಾಲಬೇಕಾಗುತ್ತದೆ.

ಇಲ್ಲಿ ದೇಹದ ಕಷ್ಟಕ್ಕೆ ಲೋಕದ ಕಷ್ಟವೂ ಸೇರುತ್ತದೆ. ಕನ್ನಡದಲ್ಲಿ ‘ತಲೆ ಎತ್ತಿ ಬಾಳು’ ಎಂದರೆ ಮರ್ಯಾದೆ, ‘ತಲೆ ತಗ್ಗಿಸು’ ಎಂದರೆ ನಾಚಿಕೆ. ಕರೆದಾಗ ಕತ್ತು ತಿರುಗಿಸದಿದ್ದರೆ ಗರ್ವ. ಸಂತೆಯ ದಾರಿಯಲ್ಲಿ ಹಿಂದಿನಿಂದ ಹಿರಿಯರೊಬ್ಬರು, “ಏ ತಮ್ಮಾ!” ಎಂದು ಕೂಗುತ್ತಾರೆ. ಅವನು ಕತ್ತು ತಿರುಗಿಸಲಾರ. ನಿಂತು, ಇಡೀ ಮೈಯನ್ನು ಹೊರಳಿಸಬೇಕು. ಅಷ್ಟರಲ್ಲಿ ಹಿರಿಯರು, “ನಾಲ್ಕು ರೊಕ್ಕ ಕಂಡಾನ, ಕಣ್ಣು ನೆತ್ತಿಗೇರ್ಯಾವ” ಎಂದು ಗೊಣಗಿ ಮುಂದೆ ಸಾಗಿರುತ್ತಾರೆ. ಕಣ್ಣು ನೆತ್ತಿಗೇರಿಸುವ ಶಕ್ತಿಯೇ ಇಲ್ಲದವನಿಗೆ ಇಂಥ ಮಾತು! ಮೈಯ ರೋಗವನ್ನು ನಡತೆಯ ದೋಷವೆಂದು ಎಣಿಸುವುದರಿಂದ ಆಗುವ ಅನ್ಯಾಯ ಸಣ್ಣದಲ್ಲ. ಆಡಿದವರಿಗೆ ಅದು ಮರೆತುಹೋಗುತ್ತದೆ. ಕೇಳಿದವನ ಮನಸ್ಸಿನಲ್ಲಿ ಉಳಿಯುತ್ತದೆ.

ಬೆಸೆದ ಕೊರಳು ಗಟ್ಟಿಯಾದಂತೆ ತೋರಿದರೂ ನಿಜಕ್ಕೂ ಅದು ದುರ್ಬಲ. ಹೊರಗಡೆ ಮೂಳೆ ಬೆಳೆದರೂ ಕಶೇರುಗಳ ಒಳಭಾಗ ಟೊಳ್ಳಾಗುತ್ತದೆ. ಬಳುಕುವ ಸರಪಳಿ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಬಳುಕದ ಕೋಲು ಒಂದೇ ಕಡೆ ಮುರಿಯುತ್ತದೆ. ಆರೋಗ್ಯವಂತನಿಗೆ ತರಚುಗಾಯವಷ್ಟೇ ಆಗುವಂಥ ಬೀಳುವಿಕೆಯಿಂದಲೂ ಈ ರೋಗಿಯ ಕೊರಳಿನ ಕೆಳಭಾಗ ಮುರಿಯಬಹುದು. ಕೊರಳಿನೊಳಗೆ ಹಾದುಹೋಗುವ ಬೆನ್ನುಹುರಿಗೆ ಧಕ್ಕೆಯಾದರೆ ಕೈಕಾಲುಗಳ ಬಲವೇ ಉಡುಗೀತು. ಆದುದರಿಂದ ಬಿದ್ದ ಮೇಲೆ ಹೊಸ ನೋವು ಕಾಣಿಸಿದರೆ, ಅದು ಎಷ್ಟೇ ಅಲ್ಪವಾಗಿರಲಿ, ಮುರಿತವಿಲ್ಲವೆಂದು ಖಚಿತವಾಗುವವರೆಗೆ ಮುರಿದಿದೆಯೆಂದೇ ಭಾವಿಸಬೇಕು. ಎತ್ತಿ ಒಯ್ಯುವವರು ಅವನ ಬಾಗಿದ ಕತ್ತನ್ನು ನೆಟ್ಟಗೆ ಮಾಡಲು ಹೋಗಬಾರದು. ಹಿಂದೆ ಅದು ಹೇಗೆ ಬಾಗಿತ್ತೋ ಹಾಗೆಯೇ, ಬಟ್ಟೆಯ ಸಿಂಬಿಯನ್ನೋ ದಿಂಬನ್ನೋ ಆಸರೆಯಾಗಿ ಇಟ್ಟು ಒಯ್ಯಬೇಕು. ಕತ್ತನ್ನು ಹಿಡಿದು ತಿರುಚಿ ಲಟಿಕೆ ತೆಗೆಯುವ ಚಿಕಿತ್ಸೆಯಂತೂ ಇಂಥವರಿಗೆ ಪ್ರಾಣಕ್ಕೇ ಅಪಾಯಕಾರಿ.

ರಾಯಚೂರು ಸೀಮೆಯಲ್ಲಿ ಈ ವಿಷಯವನ್ನು ಹೇಳುವಾಗ ಮತ್ತೊಂದು ಮಾತನ್ನು ಬಿಡಲಾಗದು. ಅಲ್ಲಿ ಗೋಣು ಬಿಗಿದವರೆಲ್ಲರಿಗೂ ಬಂದುದು ಇದೇ ರೋಗವೆಂದು ತಿಳಿಯಬಾರದು. ಆ ನೆಲದ ಕಣಶಿಲೆಯಂಥ ಹಳೆಯ ಬಂಡೆಗಳಲ್ಲಿ ಫ್ಲೋರೈಡುಳ್ಳ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗುತ್ತದೆ. ಕೊಳವೆಬಾವಿಯ ಮೂಲಕ ಕೊಡಕ್ಕೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡು ೧ ಮಿಲಿಗ್ರಾಮನ್ನು ಮೀರದಿರುವುದು ಲೇಸು. ಬೇರೆ ನೀರು ಇಲ್ಲದಾಗ ೧.೫ ಮಿಲಿಗ್ರಾಮಿನವರೆಗೆ ಒಪ್ಪಬಹುದು. ಅದಕ್ಕಿಂತ ಬಹಳ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಅಸ್ಥಿರಜ್ಜುಗಳು ಗಡಸಾಗಿ, ಬೆನ್ನೂ ಕೊರಳೂ ಬಿಗಿದುಕೊಳ್ಳುತ್ತವೆ. ೧೯೩೭ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಹಳ್ಳಿಗರಲ್ಲಿ ಈ ಫ್ಲೋರೋಸಿಸ್ ರೋಗವನ್ನು ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು ವರ್ಣಿಸಿದರು. ರಾಯಚೂರು ಜಿಲ್ಲೆಯೂ ಅಂಥ ನೀರಿನ ಬಾಧೆಯನ್ನು ಬಲ್ಲುದು.

ಹೊರನೋಟಕ್ಕೆ ಎರಡು ರೋಗಗಳೂ ಒಂದೇ: ಅದೇ ಸೆಟೆದ ಬೆನ್ನು, ಅದೇ ತಿರುಗದ ಗೋಣು. ಆದರೆ ಮೂಲ ಬೇರೆ, ಪರಿಹಾರ ಬೇರೆ. ಒಂದು ಒಳಗಿನಿಂದ ಬಂದ ಉರಿಯೂತ, ಇನ್ನೊಂದು ಹೊರಗಿನಿಂದ ಬಂದ ನೀರು. ಒಂದು ಸಾಮಾನ್ಯವಾಗಿ ಮನೆಯಲ್ಲಿ ಒಬ್ಬನನ್ನು ಹಿಡಿಯುತ್ತದೆ; ಇನ್ನೊಂದು ಒಂದೇ ಬಾವಿಯ ನೀರು ಕುಡಿದ ಓಣಿಯ ಹಲವರನ್ನು ಹಿಡಿಯುತ್ತದೆ. ಬಾಲ್ಯದಿಂದ ಅಂಥ ನೀರು ಕುಡಿದವರ ಹಲ್ಲುಗಳ ಮೇಲೆ ಕಂದು ಕಲೆಗಳಿರುತ್ತವೆ; ಕ್ಷ-ಕಿರಣದ ಚಿತ್ರದಲ್ಲಿ ಮೂಳೆಗಳು ಅತಿಯಾಗಿ ದಟ್ಟವಾಗಿ ಕಾಣುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ನದಿಯ ನೀರನ್ನೋ ಮಳೆಯ ನೀರನ್ನೋ ಕುಡಿಯಲು ಒದಗಿಸಬೇಕು, ಇಲ್ಲವೆ ನೀರನ್ನು ಶುದ್ಧೀಕರಿಸಬೇಕು. ನಾಗಪುರದ ರಾಷ್ಟ್ರೀಯ ಪರಿಸರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಸ್ಫಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳಿಂದ ಫ್ಲೋರೈಡನ್ನು ತಗ್ಗಿಸುವ ‘ನಲ್ಗೊಂಡ ವಿಧಾನ’ವನ್ನು ರೂಪಿಸಿತು. ಹೀಗೆ ಒಂದು ಗೋಣನ್ನು ಉಳಿಸಲು ವೈದ್ಯ ಬೇಕು. ಇನ್ನೊಂದನ್ನು ಉಳಿಸಲು ಊರೇ ಎಚ್ಚೆತ್ತುಕೊಳ್ಳಬೇಕು.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ರೋಗವನ್ನು ಬೇರುಸಹಿತ ಕಿತ್ತುಹಾಕುವ ಮದ್ದು ಇಲ್ಲ. ಅದನ್ನು ಹಿಡಿದು ನಿಲ್ಲಿಸುವ ಉಪಾಯಗಳಿವೆ. ಉರಿಯೂತವನ್ನು ತಗ್ಗಿಸುವ ಗುಳಿಗೆಗಳನ್ನು ವೈದ್ಯರ ಸಲಹೆಯಂತೆ ಸೇವಿಸಬೇಕು. ೨೦೦೦ದ ಈಚಿನ ವರ್ಷಗಳಲ್ಲಿ, ಉರಿಯೂತವನ್ನು ಹೊತ್ತಿಸುವ ದ್ರವ್ಯವನ್ನೇ ತಡೆಯುವ ಚುಚ್ಚುಮದ್ದುಗಳು ಬಳಕೆಗೆ ಬಂದಿವೆ. ಅವು ದುಬಾರಿ; ಮೈಯಲ್ಲಿ ಅಡಗಿದ ಕ್ಷಯರೋಗವನ್ನು ಅವು ಎಬ್ಬಿಸಬಹುದಾದುದರಿಂದ ಮೊದಲು ಅದರ ಪರೀಕ್ಷೆಯಾಗಬೇಕು. ಕಣ್ಣು ಕೆಂಪಾಗಿ ನೋವಾದರೆ ತಡಮಾಡದೆ ತೋರಿಸಬೇಕು. ಈ ರೋಗ ಕಣ್ಣನ್ನೂ ಬಾಧಿಸುತ್ತದೆ. ಬೀಡಿ ಸಿಗರೇಟುಗಳನ್ನು ಬಿಡಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ದಿನವೂ ವ್ಯಾಯಾಮ ಮಾಡಬೇಕು: ನೆಟ್ಟಗೆ ನಿಲ್ಲುವುದು, ದೀರ್ಘವಾಗಿ ಉಸಿರೆಳೆಯುವುದು, ಕೊರಳನ್ನು ಮೆಲ್ಲನೆ ಎಲ್ಲ ದಿಕ್ಕಿಗೂ ತಿರುಗಿಸುವುದು, ಅನುಕೂಲವಿದ್ದರೆ ಈಜುವುದು. ಎತ್ತರದ ದಿಂಬನ್ನು ಬಿಟ್ಟು, ಗಟ್ಟಿಯಾದ ಹಾಸಿಗೆಯ ಮೇಲೆ ತೆಳುವಾದ ದಿಂಬಿಟ್ಟು ಮಲಗಬೇಕು. ಬೆನ್ನು ಬೆಸೆಯುವುದನ್ನು ಪೂರ್ಣವಾಗಿ ತಡೆಯಲಾಗದಿದ್ದರೂ, ಬಾಗದೆ ನೆಟ್ಟಗೆ ಬೆಸೆಯುವಂತೆ ನೋಡಿಕೊಳ್ಳುವುದು ಎಷ್ಟೋ ವೇಳೆ ಸಾಧ್ಯ. ನೆಟ್ಟಗಿನ ಕೋಲಿಗೂ ಬಾಗಿದ ಕೋಲಿಗೂ ಇರುವ ಅಂತರವೇ ಮುಗಿಲನ್ನು ಕಾಣುವವನಿಗೂ ಕಾಣದವನಿಗೂ ಇರುವ ಅಂತರ.

ಗುಂಜಹಳ್ಳಿಯ ಆ ತರುಣನಿಗೆ ಈಗ ನಲವತ್ತು ದಾಟಿದೆಯೆಂದುಕೊಳ್ಳೋಣ. ರೋಗದ ಹೆಸರು ಅವನಿಗೆ ತಡವಾಗಿ ತಿಳಿಯಿತು. ನೋವು ಬಹುಮಟ್ಟಿಗೆ ಅಡಗಿದೆ. ಗೋಣು ಬಾಗಿಯೇ ಉಳಿದಿದೆ. ಮೃಗಶಿರ ಹುಟ್ಟಿದಾಗ ಅವನು ಬದುವಿನ ಮೇಲೆ ನಿಲ್ಲುತ್ತಾನೆ. ಪಕ್ಕದಲ್ಲಿ ನಿಂತ ಮಗಳು ಅವನ ಪರವಾಗಿ ಮೇಲೆ ನೋಡಿ, “ಯಪ್ಪಾ, ಮುಗಿಲು ಕರ್ರಗಾಗ್ಯಾದ” ಎನ್ನುತ್ತಾಳೆ. ಅವನು ಅವಳ ಮಾತನ್ನು ನಂಬಿ ಬಿತ್ತನೆಯ ಬೀಜವನ್ನು ಹೊರತೆಗೆಯುತ್ತಾನೆ. ರಾತ್ರಿ ಅಂಗಳದ ಹೊರಸಿನ ಮೇಲೆ, ಬಾಗಿದ ತಲೆಗೆ ಆಸರೆಯಾಗಿ ಎರಡು ದಿಂಬುಗಳನ್ನು ಇಟ್ಟುಕೊಂಡು ಅಂಗಾತ ಮಲಗಿದಾಗ, ಹಗಲೆಲ್ಲ ಮರೆಯಾಗಿದ್ದ ಆಕಾಶ ಅವನ ಕಣ್ಣೆದುರಿಗೆ ಬರುತ್ತದೆ. ಚುಕ್ಕೆಗಳನ್ನು ನೋಡುತ್ತ ಅವನು ಮಗಳಿಗೆ ಒಂದೇ ಮಾತನ್ನು ಹೇಳುತ್ತಾನೆ: “ನಿನಗಾಗಲಿ, ನಿನ್ನ ತಮ್ಮಗಾಗಲಿ, ಎಂದರ ನಸುಕಿನ್ಯಾಗ ನಡಾ ನೋವಾಗಿ ಎಚ್ಚರಾದರ, ಮುಚ್ಚಿಡಬ್ಯಾಡ್ರಿ. ರಾಯಚೂರಿಗೆ ಹೋಗಿ ತೋರಿಸ್ರಿ.”

ರಾಯಚೂರು ನಗರದಲ್ಲಿ ೨೦೦೭ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ತೋರಿಸಲು ದೂರದ ಊರುಗಳಿಗೇ ಹೋಗಬೇಕಾದ ಕಾಲ ಕಳೆದಿದೆ. ಅವನ ಮಾತಿನಲ್ಲಿ ಪಾಂಡಿತ್ಯವಿಲ್ಲ. ಆದರೆ ಅವನು ತನ್ನ ಕೊರಳನ್ನು ತೆತ್ತು ಪಡೆದ ತಿಳಿವು ಅದರಲ್ಲಿದೆ.